ಮೂರನೆಯ ಯಂತ್ರ ಬಂದ ಮೇಲೆ

ಗರಗಸ ಕಿರುಚತೊಡಗಿದರೆ ಟೀಚರಮ್ಮ ತಮ್ಮ ಕಿವುಡು ಕಿವಿಯನ್ನು ಅದರತ್ತ ತಿರುಗಿಸಿ, ಒಳ್ಳೆಯ ಕಿವಿಯನ್ನು ನನಗೆ ಬಿಟ್ಟು ಕೂರುತ್ತಿದ್ದರು. ಎಪ್ಪತ್ತರ ದಶಕದ ಮಾತು. ಹುಣಸೂರಿನಲ್ಲಿ ಬಾಗಿಲು, ಕಿಟಕಿ ಮಾಡುವ ನನ್ನ ಕಾರ್ಖಾನೆಯ ಪಕ್ಕದ ಮನೆ ಅವರದು. ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಮಧ್ಯಾಹ್ನ ಊಟವಾದರೆ ಸಾಕು, ಬಂದು ಹಲಗೆಗಳ ಮೇಲೆ ಕೂತುಬಿಡುವರು. ಮರದ ಪುಡಿಗೆ ಸೀನುತ್ತಿದ್ದರೇ ಹೊರತು ಎದ್ದು ಹೋಗುತ್ತಿರಲಿಲ್ಲ. ಇವರಿಗೇನು ಇಲ್ಲಿ ಕೆಲಸ ಎಂದು ಮೊದಮೊದಲು ನನಗೆ ರೇಗುತ್ತಿತ್ತು.

ಆಗ ನನ್ನಲ್ಲಿದ್ದದ್ದು ಎರಡೇ ಯಂತ್ರ. ಮರ ಮೊದಲು ಗರಗಸಕ್ಕೆ, ಆಮೇಲೆ ನುಣುಪು ಮಾಡುವ ತೋಪಡಕ್ಕೆ. ಗರಗಸಕ್ಕೆ ದೊಡ್ಡ ಕೆಲಸ ಹತ್ತಿಸಿದರೆ ತೋಪಡದವನು ಬೀಡಿ ಸೇದುತ್ತಾ ಕಾಯುವನು. ಅದನ್ನು ನೋಡಿ ನೋಡಿ ಟೀಚರಮ್ಮ ಒಂದು ದಿನ, "ಗರಗಸದಲ್ಲಿ ಬೇಗ ಆಗೋದ್ನ ಮುಂದಕ್ಕೆ ತಗೊ, ತೋಪಡದಲ್ಲಿ ಬೇಗ ಆಗೋದ್ನ ಕೊನೆಗಿಡು ಕಣಪ್ಪ" ಎಂದರು. ಹಾಗೇ ಮಾಡಿದೆ. ಕತ್ತಲಾದರೂ ಮುಗಿಯದಿದ್ದ ಕೆಲಸ ಬಿಸಿಲಿರುವಾಗಲೇ ಮುಗಿಯಿತು. ಅಂದಿನಿಂದ ಅವರಿಗೆ ದಿನಾ ನಮ್ಮಲ್ಲೇ ಕಾಫಿ.

ಮೂರನೆಯದಾಗಿ ಕಿಂಡಿ ಕೊರೆಯುವ ಯಂತ್ರ ತಂದೆ ನೋಡಿ, ಎಲ್ಲ ಎಡವಟ್ಟಾಯಿತು. ಆ ಸೂತ್ರ ಒಂದು ದಿನ ಕೈಹಿಡಿದರೆ ಇನ್ನೊಂದು ದಿನ ಕೈಕೊಡುತ್ತಿತ್ತು. ಟೀಚರಮ್ಮ ಕೆಲಸಕ್ಕೊಂದರಂತೆ ಬೆಂಕಿಕಡ್ಡಿಗಳನ್ನಿಟ್ಟು ಹಿಂದೆ ಮುಂದೆ ಜೋಡಿಸುತ್ತಾ ತಿಂಗಳುಗಟ್ಟಲೆ ಕೂತರು. ಎಲ್ಲ ವರಸೆಗಳನ್ನೂ ಒಂದೊಂದಾಗಿ ನೋಡಿಬಿಡಿ ಎಂದೆ. ಹತ್ತೇ ಕೆಲಸವಿದ್ದರೂ ಮೂವತ್ತಾರು ಲಕ್ಷಕ್ಕೂ ಹೆಚ್ಚು ವರಸೆಯಾಗುತ್ತದೆ, ತಿಳಿಯದಿದ್ದರೆ ಸುಮ್ಮನಿರು ಎಂದು ಗದರಿದರು. ಕೊನೆಗೊಂದು ದಿನ, "ನನ್ನ ತಲೆ ಮೊಂಡಾಯ್ತು ಕಣಪ್ಪ" ಎಂದು ಎದ್ದು ಹೋದವರು ಹಾಸಿಗೆ ಹಿಡಿದರು. ನನಗೆ ಬಹಳ ಸಂಕಟವಾಯಿತು.

ಮೈಸೂರಿನ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ನನ್ನ ಭಾಮೈದನನ್ನು ಹೋಗಿ ಕೇಳಿದೆ. ಎರಡು ಯಂತ್ರಕ್ಕೆ ಸೂತ್ರವುಂಟು, ಮೂರಕ್ಕೆ ದೊಡ್ಡ ದೊಡ್ಡ ವಿದ್ವಾಂಸರಿಗೂ ಸಿಕ್ಕಿಲ್ಲ ಎಂದು ಅವನು ನಕ್ಕ. ಈ ಗಂಟೊಂದನ್ನು ಬಿಚ್ಚಿದರೆ ಇಂಥವೇ ಎಷ್ಟೋ ಗಂಟು ಬಿಚ್ಚಿಕೊಳ್ಳುತ್ತವಂತೆ.

ಬಸ್ಸಿಳಿದವನೇ ಟೀಚರಮ್ಮನ ಮನೆಗೆ ಓಡಿದೆ. ನಿಮ್ಮ ತಲೆಗೇನೂ ಆಗಿಲ್ಲ ಎಂದು ಸಮಾಧಾನ ಹೇಳುವುದಷ್ಟೇ ನನ್ನ ಆಸೆ. ಅವರೋ ಮೊಣಕೈ ಊರಿ ಎದ್ದು ಕೂತು, "ಇಲ್ವೇ ಇಲ್ಲ ಅಂತ ತೋರ್ಸವ್ರಾ, ಇನ್ನೂ ಸಿಕ್ಕಿಲ್ಲ ಅಂತಾರಾ?" ಎಂದು ಕೇಳಿದರು.

ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ. ಕಾರ್ಖಾನೆ ಹಾಳಾಗಿ ಹೋಗಲಿ ಎಂದು ಮರುದಿನ ಮತ್ತೆ ಮೈಸೂರಿನ ಬಸ್ಸು ಹತ್ತಿದೆ. ಸಂಜೆ ಬಂದು, ಇಲ್ಲವೆಂದು ಯಾರೂ ತೋರಿಸಿಲ್ಲವಂತೆ ಎಂದೆ.

"ಅಂಗಾದ್ರೆ ನಾಳೆ ಬತ್ತೀನಿ ಬುಡು" ಎಂದರು.

ಬರಲಾಗಲಿಲ್ಲ. ಆ ವಾರವೇ ತೀರಿಕೊಂಡರು. ಹಲಗೆ ಕೊಯ್ದು ಹೊಟ್ಟೆ ಹೊರೆಯುವ ನನಗೆ ಈ ಗೀಳು ಅವರಿಂದಲೇ ಅಂಟಿತು. ಈಗಲೂ ಭಾಮೈದ ಸಿಕ್ಕಾಗಲೆಲ್ಲ ಕೇಳುತ್ತೇನೆ. ಇನ್ನೂ ಸಿಕ್ಕಿಲ್ಲವಂತೆ, ಇಲ್ಲವೆಂದೂ ಯಾರೂ ತೋರಿಸಿಲ್ಲವಂತೆ. ಯಾಕೋ, ಅದನ್ನು ಕೇಳಿದರೆ ನನಗೆ ಖುಷಿಯಾಗುತ್ತದೆ.