ತವರಿನ ವಿಳಾಸ

ನಾನು ನರ್ಸಬಾಯಿಯಾಗಿ ನೇಸರಗಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ನಮ್ಮದು ಕಿತ್ತೂರಿನ ವೈದಿಕರ ಮನೆ. ಅಜ್ಜ ಮಂತ್ರ ಹೇಳಿಕೊಡುತ್ತಿದ್ದವರು, ಅಪ್ಪ ಶಾಲೆಯ ಮಾಸ್ತರರು. ಮಗಳು ಹೆರಿಗೆ ಮಾಡಿಸುವ ಕೆಲಸಕ್ಕೆ ಸೇರುತ್ತಾಳೆ ಎಂದಾಗ ಮನೆಯಲ್ಲಿ ಬಹಳ ದಿನ ಯಾರೂ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಕೊನೆಗೆ ಅಪ್ಪನೇ ನನ್ನ ಟ್ರಂಕು ಹಿಡಿದುಕೊಂಡು ಬಸ್ಸಿನ ತನಕ ಬಂದರು.

ಬಸುರಿಯರನ್ನು ನೋಡುವುದು, ಗುಳಿಗೆ ಕೊಡುವುದು, ಕರೆ ಬಂದರೆ ಹೆರಿಗೆಗೆ ಓಡುವುದು ನನ್ನ ಕೆಲಸ. ಇವೆಲ್ಲ ಕಲಿತು ಬಂದಿದ್ದೆ. ಕಲಿಯದೆ ಬಂದದ್ದು ಮನೆ ಹುಡುಕುವುದನ್ನು. ಊರಿನಲ್ಲಿ ಬಸವಣ್ಣನ ಗುಡಿ ಒಂದೇ ಇರಲಿಲ್ಲ, ಆದರೆ ಎಲ್ಲರೂ 'ಬಸವಣ್ಣನ ಗುಡಿ ಹತ್ರ' ಎಂದೇ ಹೇಳುತ್ತಿದ್ದರು. ಬಾಗಿಲ ಚೌಕಟ್ಟಿಗೆ ಪಂಚಾಯ್ತಿಯವರು ಹೊಡೆದ ತಗಡಿನ ನಂಬರು ಒಂದಾದರೆ, ಮಲೇರಿಯಾ ಔಷಧ ಹೊಡೆಯಲು ಬಂದವರು ಗೋಡೆಗೆ ಕೆಮ್ಮಣ್ಣಿನಿಂದ ಬರೆದ ನಂಬರು ಇನ್ನೊಂದು. ದೀಪಾವಳಿಗೆ ಸುಣ್ಣ ಹಚ್ಚಿದರೆ ಆ ಎರಡನೆಯದು ಮಾಯ. ಅಣ್ಣತಮ್ಮಂದಿರು ಬೇರೆಯಾದ ಮನೆಗಳಲ್ಲಿ ಒಂದೇ ತಗಡಿನ ಹಿಂದೆ ಎರಡು ಒಲೆ ಉರಿಯುತ್ತಿದ್ದವು.

ಅಂಥ ಒಂದು ದೀಪಾವಳಿ ಕಳೆದ ಮೇಲೆ ಬೈಲಹೊಂಗಲದ ದವಾಖಾನೆಯಿಂದ ನನಗೊಂದು ಚೀಟಿ ಬಂತು. ನಮ್ಮ ಊರಿನ ಚೊಚ್ಚಲ ಬಸುರಿಯೊಬ್ಬಳು ಅಲ್ಲಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಳು. ರಕ್ತ ನೋಡುವವನು ಆ ದಿನ ರಜೆಯಲ್ಲಿದ್ದನಂತೆ. ಅವನು ಬಂದು ನೋಡುವಷ್ಟರಲ್ಲಿ ಗಂಡಹೆಂಡಿರು ಊರಿಗೆ ಮರಳಿದ್ದರು. ರಕ್ತ ತೀರ ಕಡಿಮೆ ಇದೆ, ಹೆರಿಗೆ ಮನೆಯಲ್ಲಿ ಆಗಬಾರದು, ಕೂಡಲೇ ದವಾಖಾನೆಗೆ ಸೇರಿಸಿ ಎಂದು ಡಾಕ್ಟರು ಬರೆದಿದ್ದರು. ಕೆಳಗೆ ಅವಳ ಹೆಸರು, ಗಂಡನ ಹೆಸರು, ಮನೆ ನಂಬರು.

ಆ ನಂಬರಿನ ತಗಡು ಇದ್ದ ಮನೆಗೆ ಹೋದೆ. ಅಲ್ಲಿ ಇದ್ದವರು ಮಕ್ಕಳಿಲ್ಲದ ಮುದುಕ ಮುದುಕಿ. ಹಾಗಾದರೆ ಚೀಟಿಯಲ್ಲಿದ್ದುದು ಮಲೇರಿಯಾದವರ ನಂಬರು ಇರಬೇಕು. ಅದು ಯಾವ ಗೋಡೆಯ ಸುಣ್ಣದ ಕೆಳಗೆ ಸೇರಿತ್ತೋ ಯಾರಿಗೆ ಗೊತ್ತು. ಗಂಡನ ಹೆಸರು ಹಿಡಿದು ಓಣಿಯಿಂದ ಓಣಿಗೆ ಕೇಳುತ್ತ ನಡೆದೆ. ಅದೇ ಹೆಸರಿನವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಹೊತ್ತು ಇಳಿಯುವಾಗ ಒಂದು ಒಕ್ಕಲುತನದ ಮನೆಯಲ್ಲಿ, ಸೊಸೆ ಬೈಲಹೊಂಗಲಕ್ಕೆ ಹೋಗಿ ಬಂದದ್ದು ಹೌದು ಎಂದು ಅತ್ತೆ ಒಪ್ಪಿಕೊಂಡಳು.

"ಆದ್ರ ಅಕಿ ಇಲ್ಲಿಲ್ಲರಿ ಬಾಯಾರ," ಎಂದಳು. "ಬಸುರಿ ಕುಬಸಾ ಮುಗಿಸಿ ತವರಮನಿಗೆ ಕಳಿಸಿವಿ. ಸಿರಸಂಗ್ಯಾಗ ಕಾಳಮ್ಮನ ಗುಡಿ ಹಿಂದ ಐತಿ ಮನಿ. ಯಾರನ್ನ ಕೇಳಿದ್ರೂ ತೋರಸ್ತಾರ."

ಮರುದಿನ ನಮ್ಮ ಮೇಲ್ವಿಚಾರಕಿಯ ಮುಂದೆ ಚೀಟಿ ಇಟ್ಟೆ. ಅವರು ವಯಸ್ಸಾದವರು, ಶಿಸ್ತಿನವರು. ಸಿರಸಂಗಿ ಸವದತ್ತಿ ತಾಲೂಕು, ನಮ್ಮ ಕ್ಷೇತ್ರವಲ್ಲ, ಅಲ್ಲಿಯವರಿಗೆ ಒಂದು ಪತ್ರ ಹಾಕಿಬಿಡು ಎಂದರು. ಆ ಕಡೆಯ ನರ್ಸಿನ ಜಾಗ ಖಾಲಿ ಇದೆ, ಪತ್ರ ಓದುವವರೇ ಇಲ್ಲ ಎಂದೆ. ನಾನು ರಜೆ ಬರೆದುಕೊಟ್ಟು ಬೈಲಹೊಂಗಲದ ಬಸ್ಸು ಹತ್ತಿದೆ, ಅಲ್ಲಿಂದ ಸವದತ್ತಿ, ಸವದತ್ತಿಯಿಂದ ಸಿರಸಂಗಿ.

ಕಾಳಮ್ಮನ ಗುಡಿ ಸಿಕ್ಕಿತು. ಹಿಂದಿನ ಓಣಿಯೂ ಸಿಕ್ಕಿತು. ಆದರೆ ಚೀಟಿಯಲ್ಲಿದ್ದ ಹೆಸರು ಆ ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಟ್ಟೆಯ ಮೇಲಿದ್ದ ಗಂಡಸರು ತಲೆ ಅಲ್ಲಾಡಿಸಿದರು. ನೀರು ಹೊತ್ತು ಬರುತ್ತಿದ್ದ ಹೆಂಗಸರು ಅಂಥ ಹೆಸರಿನ ಹುಡುಗಿ ತಮ್ಮಲ್ಲಿ ಹುಟ್ಟೇ ಇಲ್ಲ ಎಂದರು. ಓಣಿಯ ಆ ತುದಿ ಈ ತುದಿ ಕೇಳಿ ಸೋತು ಗುಡಿಯ ಮೆಟ್ಟಿಲ ಮೇಲೆ ಕುಳಿತೆ. ಅತ್ತೆ ಸುಳ್ಳು ಹೇಳಿದಳೇ ಎಂದು ಸಿಟ್ಟು ಬಂತು. ಹಾಗೆಂದು ತಿರುಗಿ ಹೋಗಲು ಮನಸ್ಸು ಒಪ್ಪಲಿಲ್ಲ. ಆ ಹುಡುಗಿ ಇಲ್ಲೇ ಎಲ್ಲೋ ಒಂದು ಮನೆಯಲ್ಲಿ ತನ್ನ ರಕ್ತದ ಸುದ್ದಿ ಗೊತ್ತಿಲ್ಲದೆ ದಿನ ನೂಕುತ್ತಿದ್ದಾಳೆ. ಅವಳನ್ನು ನೋಡದೆ ಬಸ್ಸು ಹತ್ತುವುದಿಲ್ಲ ಎಂದುಕೊಂಡೆ.

ಹಾಗೆ ಕೂತಿದ್ದಾಗಲೇ ನಮ್ಮ ಅಕ್ಕನ ಮದುವೆ ಕಣ್ಣಿಗೆ ಬಂತು. ಪರಾತದಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆಸಿದ್ದರು. ಅಕ್ಕನ ಗಂಡನ ಮನೆಯಲ್ಲಿ ಅವಳನ್ನು ಹುಟ್ಟಿದ ಹೆಸರಿನಿಂದ ಇಂದಿಗೂ ಯಾರೂ ಕರೆಯುವುದಿಲ್ಲ. ಕಿತ್ತೂರಿನಲ್ಲಿ ಅವಳ ಹೊಸ ಹೆಸರು ಹಿಡಿದು ಯಾರಾದರೂ ಕೇಳಿದರೆ ನಮ್ಮ ಬಾಗಿಲನ್ನು ಯಾರು ತೋರಿಸಿಯಾರು?

ಎದ್ದು ಮತ್ತೆ ಓಣಿಗೆ ಹೋದೆ. ಈ ಸಲ ಹೆಸರನ್ನೇ ಎತ್ತಲಿಲ್ಲ.

"ನೇಸರಗಿಗೆ ಕೊಟ್ಟ ಮಗಳು ಬಾಣಂತನಕ್ಕ ಬಂದಾಳಂತಲ್ಲ, ಅಕಿ ಮನಿ ಯಾವುದರಿ?" ಎಂದು ಕೇಳಿದೆ.

ಸ್ವಲ್ಪ ಮೊದಲು ಅಂಥ ಹುಡುಗಿ ಹುಟ್ಟೇ ಇಲ್ಲ ಎಂದಿದ್ದ ಹೆಂಗಸೇ ಕೊಡ ಇಳಿಸಿ, ಎದುರಿನ ಬಾಗಿಲು ತೋರಿಸಿದಳು.

ಹುಡುಗಿ ಅಂಗಳದಲ್ಲಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕೆಂಪು ಕಾಯಿಗಳ ನಡುವೆ ಅವಳ ಬೆರಳುಗಳು ಸುಣ್ಣದ ಹಾಗೆ ಕಂಡವು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಕೆಂಪಿನ ಸುಳಿವಿಲ್ಲ. ಪಾದ ಬಾತಿದ್ದವು. ತವರಿಗೆ ಬಂದ ಮೇಲೆ ಮಗಳು ಬೆಳ್ಳಗಾಗಿದ್ದಾಳೆ ಎಂದು ತಾಯಿ ಸಂತೋಷದಿಂದಲೇ ಹೇಳಿದಳು. ಆ ಬಿಳುಪು ಯಾತರದು ಎಂದು ನಾನು ಬಿಡಿಸಿ ಹೇಳಿದಾಗ ಅವಳ ಮುಖ ಇಳಿಯಿತು. ಆದರೂ ದವಾಖಾನೆಯ ಮಾತಿಗೆ ಒಪ್ಪಲಿಲ್ಲ. ಮೊದಲ ಹೆರಿಗೆ ತವರಿನ ಕೋಣೆಯಲ್ಲೇ ಆಗಬೇಕು, ಹೊರಗೆ ಕಳಿಸಿದರೆ ಬೀಗರು ಏನೆಂದಾರು ಎಂಬುದೇ ಅವಳ ಚಿಂತೆ. ಗಂಡಸರು ಹೊಲದಿಂದ ಬರಲಿ, ಆಮೇಲೆ ನೋಡೋಣ ಎಂದಳು.

"ಬರಲಿ," ಎಂದೆ. "ಅಲ್ಲೀತನಕ ನಾ ಇಲ್ಲೇ ಕೂತಿರತೇನಿ. ಅಕಿನ್ನ ಕರಕೊಂಡನ ಏಳಾಕಿ ನಾನು."

ತಾಯಿ ನನಗೆ ಚಹಾ ಮಾಡಿಕೊಟ್ಟಳು. ನಾನು ಕುಡಿದು ಅಲ್ಲೇ ಕುಳಿತೆ, ಹುಡುಗಿಯ ಜೊತೆ ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದೆ. ತಂದೆ ಹೊಲದಿಂದ ಬಂದು ಕೈಕಾಲು ತೊಳೆದು ಎಲ್ಲ ಕೇಳಿಸಿಕೊಂಡು ಹೆಂಡತಿಯ ಮುಖ ನೋಡಿದ. ಆಗ ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿಯೇ ಬಾಯಿ ಬಿಟ್ಟಳು.

"ಎದ್ದ ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ, ಯವ್ವಾ. ನೀ ಅಂಜತಿ ಅಂತ ಹೇಳಿಲ್ಲ. ನಾ ಬಾಯಾರ ಜೋಡಿ ಹೊಕ್ಕೇನಿ."

ಅದಾದ ಮೇಲೆ ತಂದೆ ತಡಮಾಡಲಿಲ್ಲ. ತಾಯಿ ಎರಡು ಸೀರೆ ಗಂಟು ಕಟ್ಟಿದಳು. ಸಂಜೆಯ ಬಸ್ಸಿಗೆ ಸವದತ್ತಿಗೆ ಹೋದೆವು. ದವಾಖಾನೆಯಲ್ಲಿ ಹೆಸರು ಕೇಳಿದಾಗ ತಾಯಿ ಒಂದು ಹೆಸರು ಹೇಳಿದಳು, ಮಗಳು ಇನ್ನೊಂದು. ಬರೆಯುವವರು ಪೆನ್ನು ಕೆಳಗಿಟ್ಟು, ನಿಜವಾದದ್ದು ಯಾವುದು ಎಂದರು. ಎರಡೂ ನಿಜ, ಎರಡನ್ನೂ ಬರೆಯಿರಿ ಎಂದೆ. ಜಾಗ ಒಂದೇ ಇದೆ ಎಂದರು. ನಾನು ಅವರ ಪೆನ್ನು ಕೇಳಿ ತೆಗೆದುಕೊಂಡು ಎರಡು ಹೆಸರು, ಎರಡು ಊರು ಅಂಚಿನಲ್ಲಿ ಬರೆದೆ.

ಹೆರಿಗೆಯ ತನಕ ಅವಳನ್ನು ಅಲ್ಲೇ ಇಟ್ಟುಕೊಂಡು ಇಂಜೆಕ್ಷನ್ ಕೊಟ್ಟರು. ಹೆತ್ತಾಗ ರಕ್ತ ಹೋಯಿತು. ಡಾಕ್ಟರು ಪಕ್ಕದಲ್ಲೇ ಇದ್ದುದರಿಂದ ನಿಲ್ಲಿಸಿದರು. ಹೆಣ್ಣುಮಗು, ಸಣ್ಣದು, ಆದರೆ ಅಳು ಜೋರು ಎಂದು ಅವಳ ತಂದೆಯೇ ನೇಸರಗಿಗೆ ಬೀಗರ ಮನೆಗೆ ಬಂದವನು ನನ್ನ ಕೋಣೆಗೂ ಬಂದು ಹೇಳಿ ಹೋದ. ಆ ದಿನ ನಾನು ಒಬ್ಬಳೇ ಕೂತು ಅತ್ತುಬಿಟ್ಟೆ. ಅತ್ತದ್ದು ಖುಷಿಗೋ, ತಡವಾಗಿದ್ದರೆ ಏನಾಗುತ್ತಿತ್ತೆಂಬ ಅಂಜಿಕೆಗೋ ತಿಳಿಯಲಿಲ್ಲ.

ಮುಂದೆ ಹೀಗೆ ಅದೃಷ್ಟ ನೆಚ್ಚಿ ಕೆಲಸ ಮಾಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಪ್ರತಿ ಬಸುರಿಗೂ ಹೆಚ್ಚಿನ ಪ್ರಶ್ನೆ ಕೇಳತೊಡಗಿದೆ: ತವರು ಯಾವುದು, ಅಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ, ಹತ್ತಿರದ ಗುಡಿಯೋ ಬಾವಿಯೋ ಯಾವುದು. ಹುಟ್ಟಿದ ಹೆಸರು ಕೇಳಿದಾಗ ಹೆಂಗಸರು ಮೊದಲು ನಗುತ್ತಿದ್ದರು, ಆಮೇಲೆ ದನಿ ತಗ್ಗಿಸಿ ಹೇಳುತ್ತಿದ್ದರು. ಬಿಡುವಿದ್ದ ಮಧ್ಯಾಹ್ನಗಳಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಊರಿನ ನಕಾಶೆ ತೆಗೆದೆ. ಓಣಿಗಳು, ಬಾವಿಗಳು, ಬಸವಣ್ಣನ ಗುಡಿ ಇದ್ದಷ್ಟೂ. ಒಂದೊಂದು ಬಾಗಿಲಿಗೂ ತಗಡಿನ ನಂಬರು, ಗೋಡೆಯ ನಂಬರು, ಜನ ಆ ಮನೆಗೆ ಅನ್ನುವ ಹೆಸರು, ಮೂರನ್ನೂ ಜೊತೆಗೆ ಬರೆದೆ. ವರ್ಷದೊಳಗೆ ಯಾರೋ ಗೋಡೆ ಹಾಕಿ ಬೇರೆಯಾಗುತ್ತಿದ್ದರು, ಯಾರೋ ಬಾಗಿಲಿನ ದಿಕ್ಕು ಬದಲಿಸುತ್ತಿದ್ದರು. ನಾನು ಅಳಿಸಿ ಮತ್ತೆ ಬರೆಯುತ್ತಿದ್ದೆ.

ಮೇಲ್ವಿಚಾರಕಿಗೆ ಇದು ಹಿಡಿಸಲಿಲ್ಲ. ಇದು ಊರಿನ ಲೆಕ್ಕಪತ್ರ ಇಡುವ ತಲಾಠಿಯ ಕೆಲಸ, ನಿನ್ನದಲ್ಲ ಎಂದು ಎರಡು ಸಲ ಗದರಿದರು. ನಾನು ಎದುರು ಮಾತಾಡಲಿಲ್ಲ, ಬಿಡಲೂ ಇಲ್ಲ. ದೊಡವಾಡದ ನರ್ಸು ಒಮ್ಮೆ ಬಂದಾಗ ನಕಾಶೆ ನೋಡಿ, ತನ್ನ ಊರಿಗೂ ಒಂದು ಮಾಡಿಕೊಂಡಳು. ನಮ್ಮೂರಿನ ಸೊಸೆಯೊಬ್ಬಳು ಅವಳ ಕಡೆ ತವರಿಗೆ ಹೋದರೆ ನಾನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸುತ್ತಿದ್ದೆ, ಅವಳೂ ಹಾಗೆಯೇ ಕಳಿಸುತ್ತಿದ್ದಳು. ಆಮೇಲೆ ಬೈಲಹೊಂಗಲದ ಡಾಕ್ಟರಿಗೂ ಈ ಸುದ್ದಿ ಮುಟ್ಟಿ, ಎಲ್ಲ ನರ್ಸುಗಳೂ ತವರಿನ ವಿಳಾಸ ಬರೆದುಕೊಳ್ಳಬೇಕೆಂದು ಹೇಳಿದರು. ಮುಂದಿನ ಭೇಟಿಯಲ್ಲಿ ಮೇಲ್ವಿಚಾರಕಿ ನಮ್ಮೆಲ್ಲರ ಪುಸ್ತಕ ತರಿಸಿ, ಅಡಿಪಟ್ಟಿ ಹಿಡಿದು ಪುಟ ಪುಟಕ್ಕೂ ಆ ವಿಳಾಸಕ್ಕೆಂದು ತಾವೇ ಒಂದು ಹೆಚ್ಚಿನ ಗೆರೆ ಎಳೆದುಕೊಟ್ಟರು. ಒಂದು ಗೆರೆಯೂ ಸೊಟ್ಟಗಾಗಿರಲಿಲ್ಲ.

ಕೆಲ ವರ್ಷಗಳ ನಂತರ ನನಗೆ ರಾಮದುರ್ಗಕ್ಕೆ ವರ್ಗವಾಯಿತು. ನಕಾಶೆಯನ್ನು ನನ್ನ ಜಾಗಕ್ಕೆ ಬಂದವಳಿಗೆ ಕೊಟ್ಟು, ಬರಿಗೈಯಲ್ಲಿ ಹೋದೆ. ಸೇರಿದ ಮರುದಿನವೇ ಪೆನ್ಸಿಲ್ಲು ಹಿಡಿದು ಪೇಟೆ ಓಣಿಯಲ್ಲಿ ಬಾಗಿಲು ನೋಡುತ್ತ ನಿಂತಿದ್ದಾಗ ಅರಿವೆ ಅಂಗಡಿಯವರೊಬ್ಬರು ಹೊರಗೆ ಬಂದು, ಮನೆಪಟ್ಟಿ ತೆರಿಗೆ ಏರಿಸಲು ಬಂದಿದ್ದೀರಾ ಎಂದು ಸಂಶಯದಿಂದ ಕೇಳಿದರು. ಇಲ್ಲ, ಬಸುರಿಯರಿರುವ ಮನೆ ಗುರುತು ಮಾಡುತ್ತಿದ್ದೇನೆ ಎಂದೆ. ಅವರು ಬಾಗಿಲಿಂದ ಪಕ್ಕಕ್ಕೆ ಸರಿದು ನಿಂತರು.

"ಹಂಗಾರ ಒಳಗ ಬರ್ರಿ," ಎಂದರು. "ನನ್ನ ಮಗಳು ನಿನ್ನೆನ ಬಾಣಂತನಕ್ಕ ಬಂದಾಳ."