ಉಪ್ಪುಂದದಲ್ಲಿ ಆಟಗಾರರಿಲ್ಲದ ಚೆಸ್

ಬೆಳಕು ಹರಿಯುವ ಹೊತ್ತು. ಉಪ್ಪುಂದದ ಪೇಟೆಯಲ್ಲಿ ಮೀನಿನ ಬುಟ್ಟಿಯವರು ಬಸ್ಸಿಗೆ ಕಾಯುತ್ತಿದ್ದಾರೆ. ಅಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಅರ್ಧ ಎತ್ತಿದ ಶಟರಿನ ಹಿಂದೆ, ಸ್ವರ್ಣಲತಾ ಒಂದೇ ಮಾದರಿಯ ಎರಡು ಕಂಪ್ಯೂಟರ್‌ಗಳ ವೇಗ ಅಳೆಯುತ್ತಿದ್ದಾರೆ. ಅದು ಸರಿಹೊಂದಿದ ಮೇಲೆಯೇ ಆಟ. ಆಡುವವರು ಮನುಷ್ಯರಲ್ಲ, ಎರಡು ಚೆಸ್ ಪ್ರೋಗ್ರಾಂಗಳು.

ಯಾವ ಪ್ರೋಗ್ರಾಂ ಎಷ್ಟು ಬಲಶಾಲಿ ಎಂದು ಅಳೆಯುವುದು ಅವರು ಸಂಬಳವಿಲ್ಲದೆ ಮಾಡುವ ಕೆಲಸ. ಎರಡಕ್ಕೂ ಸಮಾನ ಸಮಯ, ಸಮಾನ ಮೆಮೊರಿ, ಅದೇ ಆರಂಭದ ನಡೆಗಳು. ಬಿಳಿ ಕಾಯಿಯಲ್ಲಿ ಆಡಿದ್ದು ಮರು ಆಟದಲ್ಲಿ ಕಪ್ಪಿಗೆ ಬರಬೇಕು. ಹೀಗೆ ನೂರಾರು ಆಟಗಳಾದ ಮೇಲೆ ಒಂದು ಅಂಕ. ಅದು ಅಂತರ್ಜಾಲದ ಪಟ್ಟಿ ಸೇರುತ್ತದೆ, ಸ್ವರ್ಣಲತಾ ಹೆಸರು ಸೇರುವುದಿಲ್ಲ.

ಹೆಸರು ಬಂದದ್ದು ರವಿಚಂದ್ರನಿಗೆ. ಬ್ರಹ್ಮಾವರದವನು, ಕಾಲೇಜಿನಲ್ಲಿ ಇವರ ಸಹಪಾಠಿ. ಅವನು ಬರೆದ ಚೆಸ್ ಪ್ರೋಗ್ರಾಂಗೆ ಊರಿನಲ್ಲಿ ಶಾಲು ಹೊದೆಸಿ ಸನ್ಮಾನವಾಯಿತು.

"ಫೋಟೋ ಕಂಡ್ಕಂಡ್ ನಂಗ್ ಊಟ ಸೇರ್ಲಿಲ್ಲ" ಎನ್ನುತ್ತಾರೆ ಸ್ವರ್ಣಲತಾ. "ಪ್ರೋಗ್ರಾಂ ಬರೆಯುಕೆ ಅಂವಂಗೆ ಕಲ್ಸಿದ್ದೇ ನಾನ್. ಹೊಟ್ಟೆಕಿಚ್ಚ್ ಆಗ್ದೆ ಇರತ್ತಾ?"

ಕಳೆದ ಬೇಸಿಗೆಯಲ್ಲಿ ಅದೇ ಪ್ರೋಗ್ರಾಂ ಪರೀಕ್ಷೆಗೆ ಇವರ ಅಂಗಡಿಗೇ ಬಂತು. ಅಂದು ಮಾತ್ರ ಅವರು ವೇಗ ಅಳೆಯಲಿಲ್ಲ.

"ಅದ್ ಸೋಲುದ್ ಕಾಂಬುಕೆ ಗಡಿಬಿಡಿ ನಂಗೆ."

ಸೋತಿತು, ಹೀನಾಯವಾಗಿ. ಫೋನಿನಲ್ಲಿ ಸುದ್ದಿ ಕೇಳಿದ ರವಿಚಂದ್ರ, "ಹಾಂಗಾರೆ ಇದನ್ ಇಲ್ಲಿಗೇ ಬಿಡ್ತೆ, ಸ್ವರ್ಣ" ಎಂದ. ಆ ಸಂಜೆ ಇವರು ಹಾಡು ಗುನುಗುತ್ತ ಬಂಗುಡೆ ಮೀನು ಹುರಿದರು. "ಎಂತ, ಇಷ್ಟ್ ಖುಷಿ?" ಎಂದು ತಾಯಿ ವನಜ ಕೇಳಿದರೆ ಬಾಣಲೆಯ ಮೀನು ಮಗುಚಿ ಹಾಕಿದರು.

ಮರುದಿನ ಆ ಎರಡರಲ್ಲಿ ಒಂದು ಕಂಪ್ಯೂಟರಿನಲ್ಲಿ ಬೇರೊಂದು ಪ್ರೋಗ್ರಾಂ ಕೂಡ ಎಡವತೊಡಗಿತು. ಬಿಚ್ಚಿ ನೋಡಿದರೆ ಕಡಲ ಉಪ್ಪುಗಾಳಿಗೆ ಒಳಗಿನ ಫ್ಯಾನ್ ತುಕ್ಕು ಹಿಡಿದು ನಿಂತಿದೆ. ಬಿಸಿಯೇರಿದ ಯಂತ್ರ ನಿಧಾನವಾಗಿದೆ. ರವಿಚಂದ್ರನ ಪ್ರೋಗ್ರಾಂ ಆಡಿದ್ದು ಅದರಲ್ಲೇ.

"ಯಾರಿಗೂ ಗೊತ್ತಾತಿರ್ಲಿಲ್ಲ. ಸುಮ್ನೆ ಇಪ್ಪ ಅಂದೇ ಕಂಡಿತ್. ಮಧ್ಯಾಹ್ನದ ತನ್ಕ ಸುಮ್ನೇ ಕೂತಿದ್ದೆ" ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಮಧ್ಯಾಹ್ನ ಫೋನ್ ಮಾಡಿದರು. "ಹ್ವಾಯ್, ಬಿಡ್ಬೇಡ. ತಪ್ಪ್ ನಂದ್. ಮತ್ತೆ ಆಡಿಸ್ತೆ." ಹಳೆಯ ಆಟಗಳನ್ನೆಲ್ಲ ಅಳಿಸಿ, ಹೊಸ ಫ್ಯಾನ್ ಹಾಕಿ, ಎರಡೂ ಯಂತ್ರಗಳ ವೇಗ ಅಳೆದು ಮೊದಲಿನಿಂದ ಶುರುಮಾಡಿದರು. ರವಿಚಂದ್ರನ ಪ್ರೋಗ್ರಾಂ ಆ ವರ್ಷ ಇವರ ಅಂಗಡಿಗೆ ಬಂದ ಎಲ್ಲವನ್ನೂ ಸೋಲಿಸಿತು. ಆ ಅಂಕವನ್ನು ಪಟ್ಟಿಗೆ ಏರಿಸಿದ್ದೂ ಇವರೇ.

ಈಗಲಾದರೂ ಸಮಾಧಾನವೇ ಎಂದು ಕೇಳಿದೆ.

"ಎಂತ ಸಮಾಧಾನ? ಕಿಚ್ಚ್ ಜಾಸ್ತಿಯೇ ಆಯ್ತ್" ಎಂದು ನಕ್ಕರು. ಮೇಜಿನ ತುದಿಯ ಲ್ಯಾಪ್‌ಟಾಪಿನಲ್ಲಿ ಅವರೀಗ ಸ್ವಂತ ಚೆಸ್ ಪ್ರೋಗ್ರಾಂ ಬರೆಯುತ್ತಿದ್ದಾರೆ. ಮುಗಿದ ಮೇಲೆ ಇಲ್ಲೇ ಪರೀಕ್ಷೆಯೇ?

"ಛೆ, ನಂದನ್ನ ನಾನೇ ತೂಗುದಾ? ರವಿಚಂದ್ರಂಗೇ ಕೊಡ್ತೆ. ಅಂವಂಗೂ ಒಂಚೂರ್ ಹೊಟ್ಟೆ ಉರೀಲಿ."