ಮೀಸೆಗೆ ಸಿಕ್ಕ ಕೆಲಸ

ಚಿಂತಾಮಣಿಯಲ್ಲಿ ಬಸ್ ಹತ್ತಿದಾಗಿನಿಂದ ಹಿಂದಿನ ಸೀಟಿನ ಹುಡುಗ ನನ್ನ ತಲೆಗೂದಲು ಎಳೀತಾನೇ ಇದ್ದ. ಅವರಮ್ಮ, "ಸುಮ್ನೆ ಕೂತ್ಕೊಳೋ! ಆ ಮೀಸೆ ಅಂಕಲ್ ಹಿಡ್ಕೊಂಡ್ಹೋಗ್ತಾರೆ" ಅಂತ ಗದರಿ, "ಸ್ವಲ್ಪ ಹೆದರಿಸಿ ಸಾರ್" ಅಂತ ನನ್ನನ್ನೇ ಕೇಳಿದ್ರು.

ಸರಿ, ತಿರುಗಿ ಕಣ್ಣು ಬಿಟ್ಟೆ. ಹುಡುಗ ಕಿಟಾರನೆ ಕಿರುಚಿದ.

"ಮಗೂನ ಹಂಗಾ ಹೆದರಿಸೋದು?" ಅಂತ ಬಸ್ಸಿಗೆ ಬಸ್ಸೇ ನನ್ನ ಮೇಲೆ ಬಿತ್ತು. ಎಲ್ಲರಿಗಿಂತ ಜೋರು ಆಯಮ್ಮಂದೇ! ಪಕ್ಕದ ಅಜ್ಜಿಯಂತೂ, "ಏಮಪ್ಪಾ, ನಿನಗೆ ಮಕ್ಕಳಿಲ್ವಾ?" ಅಂತ ಉಗಿದು, ಹುಡುಗನ ಕೈಗೆ ಚಕ್ಕುಲಿ ಕೊಟ್ಟಿತು. ನಾನು ಕರ್ಚೀಫಿನಲ್ಲಿ ಮೀಸೆ ಮುಚ್ಕೊಂಡು ಕೂತೆ.

ಕೈವಾರದಲ್ಲಿ ಇಳಿದರೆ ಅದೇ ಅಜ್ಜಿ ಹಿಂದೇನೇ ಬಂತು. "ಇಲ್ಲೇ ಮನೆ, ಒಂದ್ನಿಮಿಷ ಬಂದ್ಹೋಗಪ್ಪ. ನಮ್ಮ ಮೊಮ್ಮಗಳು ಊಟಾನೇ ಮಾಡಲ್ಲ."

ನನ್ನ ಮಗಳು ಇದೇ ಮೀಸೆಗೆ ಕ್ಲಿಪ್ ಹಾಕಿ ಆಡ್ತಾಳೆ ಅನ್ನೋದನ್ನ ಅಜ್ಜಿಗೆ ಹೇಳದೆ, ಕರ್ಚೀಫು ಜೇಬಿಗಿಟ್ಟು ಹಿಂದೇನೇ ಹೊರಟೆ.